ಕಾಮಿಕ್ಸ್ ಪೆಟ್ಟಿಗೆ ಮತ್ತು ಅದನ್ನು ಬಿಟ್ಟುಕೊಟ್ಟವರು

ಬೆಲೆಬಾಳುವ ವಸ್ತುವನ್ನು ಜೋಪಾನ ಮಾಡಬೇಕು ಎಂದು ಹಿರಿಯರು ಹೇಳುತ್ತಾರೆ. ಆದರೆ ಕೆಲವು ವಸ್ತುಗಳಿಗೆ ಬೆಲೆ ಬರುವುದೇ ಯಾರೂ ಅವನ್ನು ಜೋಪಾನ ಮಾಡದೆ ಹೋದದ್ದರಿಂದ. ಅಮೆರಿಕದ ಕಾಮಿಕ್ಸ್ ಪುಸ್ತಕಗಳ ಇತಿಹಾಸ ಇದಕ್ಕೊಂದು ಉದಾಹರಣೆ. ಅವನ್ನು ಸಂಗ್ರಹಿಸುವುದು ಮೊದಲು ಹವ್ಯಾಸವಾಯಿತು, ಆಮೇಲೆ ವ್ಯಾಪಾರವಾಯಿತು, ಕೊನೆಗೆ ಜೂಜಾಯಿತು. ಜೂಜಾದ ಮೇಲೆ ಅಸಂಖ್ಯಾತ ಜನ ಸಂಗ್ರಹವನ್ನೇ ಬಿಟ್ಟು ಎದ್ದು ನಡೆದರು. ಹಾಗೆ ಎದ್ದು ನಡೆದವರೆಲ್ಲ ಒಂದೇ ದಾರಿ ಹಿಡಿಯಲಿಲ್ಲ ಎಂಬುದು ಈ ಕತೆಯಲ್ಲಿ ನಾವು ಗಮನಿಸಬೇಕಾದ ಸಂಗತಿ.

1938ರ ಏಪ್ರಿಲ್‌ನಲ್ಲಿ ಅಮೆರಿಕದ ಪತ್ರಿಕೆ ಅಂಗಡಿಗಳಿಗೆ 'ಆ್ಯಕ್ಷನ್ ಕಾಮಿಕ್ಸ್'ನ ಮೊದಲ ಸಂಚಿಕೆ ಬಂತು. ಬೆಲೆ 10 ಸೆಂಟು. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಯುವಕರು ಸೃಷ್ಟಿಸಿದ ಸೂಪರ್‌ಮ್ಯಾನ್ ಅದರಲ್ಲಿ ಮೊದಲ ಬಾರಿ ಕಾಣಿಸಿಕೊಂಡ. ಆ ಪಾತ್ರದ ಹಕ್ಕನ್ನು ಅವರು ಪ್ರಕಾಶಕರಿಗೆ ಮಾರಿದ್ದು 130 ಡಾಲರಿಗೆ. ಸುಮಾರು 2 ಲಕ್ಷ ಪ್ರತಿಗಳು ಅಚ್ಚಾದವು. ಮಕ್ಕಳು ಕೊಂಡರು, ಓದಿದರು, ಗೆಳೆಯರಿಗೆ ಕೊಟ್ಟರು, ಮರೆತರು. ಅದನ್ನು ಮುಂದಿನ ಪೀಳಿಗೆಗೆ ಎತ್ತಿಡಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಆಮೇಲೆ ಬಂದದ್ದು ಎರಡನೇ ಮಹಾಯುದ್ಧ. ಯುದ್ಧಕ್ಕೆ ಕಾಗದ ಬೇಕೆಂದು ಊರೂರಲ್ಲಿ ರದ್ದಿ ಸಂಗ್ರಹಿಸುವ ಅಭಿಯಾನ ನಡೆಯಿತು. ಮಕ್ಕಳೇ ದೇಶಪ್ರೇಮದಿಂದ ತಮ್ಮ ಕಾಮಿಕ್ಸ್‌ಗಳನ್ನು ತಂದು ಒಪ್ಪಿಸಿದರು. ಯುದ್ಧ ಮುಗಿದ ಮೇಲೆ ಇನ್ನೊಂದು ಗಾಳಿ ಬೀಸಿತು. ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಾರೆ ಎಂಬ ಭಯ ಹರಡಿ, 1948ರಲ್ಲಿ ಕೆಲವು ಊರುಗಳಲ್ಲಿ ಅವನ್ನು ರಾಶಿ ಹಾಕಿ ಬೆಂಕಿ ಇಟ್ಟರು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಇದೇ ಆರೋಪದ ಪುಸ್ತಕ ಬರೆದರು. ಅದೇ ವರ್ಷ ಅಮೆರಿಕದ ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಮಗೆ ತಾವೇ ಒಂದು ನೀತಿಸಂಹಿತೆ ಹಾಕಿಕೊಂಡರು. ಮನೆಗಳಲ್ಲಿ ತಾಯಂದಿರು ಮಗ ಶಾಲೆಗೆ ಹೋದ ಹೊತ್ತು ನೋಡಿ ಪೆಟ್ಟಿಗೆ ಖಾಲಿ ಮಾಡಿದರು. ಹೀಗೆ ಯುದ್ಧ, ಬೆಂಕಿ, ಮನೆ ಗುಡಿಸುವಿಕೆ ಎಲ್ಲ ದಾಟಿ ಉಳಿದ ಸೂಪರ್‌ಮ್ಯಾನ್‌ನ ಮೊದಲ ಸಂಚಿಕೆಗಳು ಸುಮಾರು ನೂರು ಇರಬಹುದೆಂದು ಅಂದಾಜು.

ಕಳೆದುಕೊಂಡವರು ಬೆಳೆದು ದೊಡ್ಡವರಾದರು. 1960ರ ದಶಕದಲ್ಲಿ ಸಂಬಳ ಎಣಿಸುವ ಗಂಡಸರಾಗಿ ಅವರು ಹಳೆಯ ಪುಸ್ತಕದಂಗಡಿಗಳಲ್ಲಿ ತಮ್ಮ ಬಾಲ್ಯವನ್ನು ಹುಡುಕತೊಡಗಿದರು. 1961ರಲ್ಲಿ ಜೆರ್ರಿ ಬೇಲ್ಸ್ ಎಂಬ ಅಧ್ಯಾಪಕರು ಇಂಥವರಿಗಾಗಿ ಒಂದು ಪುಟ್ಟ ಪತ್ರಿಕೆ ಆರಂಭಿಸಿದರು. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಹಳೆಯ ಕಾಮಿಕ್ಸ್‌ಗಳ ಬೆಲೆಪಟ್ಟಿಯ ಪುಸ್ತಕ ಹೊರತಂದರು. ಅಲ್ಲಿಯವರೆಗೆ ನೆನಪಿಗಾಗಿ ಕೊಳ್ಳುತ್ತಿದ್ದ ವಸ್ತುವಿಗೆ ಅಂದಿನಿಂದ ಅಚ್ಚಾದ ಬೆಲೆ ಬಂತು.

1973ರ ಸುಮಾರಿಗೆ ಮಾರಾಟದ ರೀತಿಯೂ ಬದಲಾಯಿತು. ಮೊದಲು ಪತ್ರಿಕೆ ಅಂಗಡಿಯವನು ಮಾರಾಟವಾಗದ ಪ್ರತಿಗಳನ್ನು ಪ್ರಕಾಶಕರಿಗೆ ವಾಪಸು ಮಾಡಬಹುದಿತ್ತು. ಫಿಲ್ ಸ್ಯೂಲಿಂಗ್ ಎಂಬ ವ್ಯಾಪಾರಿ ಹೊಸ ಒಪ್ಪಂದ ಮಾಡಿಕೊಂಡರು: ಹೆಚ್ಚು ರಿಯಾಯಿತಿ ಕೊಡಿ, ಉಳಿದ ಪ್ರತಿ ನಾವು ವಾಪಸು ಕೊಡುವುದಿಲ್ಲ. ಇದರಿಂದ ಕಾಮಿಕ್ಸ್ ಮಾತ್ರ ಮಾರುವ ಅಂಗಡಿಗಳು ಹುಟ್ಟಿಕೊಂಡವು. ಉಳಿದ ಪ್ರತಿಯನ್ನು ಅವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟು ಹಳೆಯ ಸಂಚಿಕೆಯೆಂದು ಹೆಚ್ಚಿನ ಬೆಲೆಗೆ ಮಾರಬಹುದಿತ್ತು. ಸಂಗ್ರಹಕಾರನಿಗೆ ಇದಕ್ಕಿಂತ ಅನುಕೂಲ ಬೇರೇನು ಬೇಕು?

ಈಗ ಜೂಜಿನ ಅಧ್ಯಾಯಕ್ಕೆ ಬರೋಣ. ಹತ್ತು ಸೆಂಟಿನ ಪುಸ್ತಕ ಸಾವಿರಾರು ಡಾಲರಿಗೆ ಹೋದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿತ್ತು. ಇಂದಿನ ಸಂಚಿಕೆಯೂ ನಾಳೆ ಹಾಗೆಯೇ ಆಗುವುದೆಂದು ಜನ ನಂಬಿದರು, ಪ್ರಕಾಶಕರು ನಂಬಿಸಿದರು. 1991ರಲ್ಲಿ 'ಎಕ್ಸ್-ಮೆನ್'ನ ಹೊಸ ಮಾಲಿಕೆಯ ಮೊದಲ ಸಂಚಿಕೆಯನ್ನು ಐದು ಬಗೆಯ ಮುಖಪುಟಗಳಲ್ಲಿ ಹೊರತಂದರು. ಅದರ 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು. 1992ರ ನವೆಂಬರ್‌ನಲ್ಲಿ ಸೂಪರ್‌ಮ್ಯಾನ್ ಸಾಯುವ ಸಂಚಿಕೆ ಬಂತು. ಸಂಗ್ರಹಕಾರರಿಗಾಗಿಯೇ ಮಾಡಿದ ಪ್ರತಿಯನ್ನು ಕಪ್ಪು ಚೀಲದಲ್ಲಿ ಮುಚ್ಚಿ, ಒಳಗೆ ತೋಳಿಗೆ ಕಟ್ಟಿಕೊಳ್ಳಲು ಶೋಕದ ಕಪ್ಪು ಪಟ್ಟಿಯನ್ನೂ ಇಟ್ಟಿದ್ದರು. ಜನ ಸಾಲುಗಟ್ಟಿ ನಿಂತು ಕೊಂಡರು. ಓದಲು ಒಂದು, ಚೀಲ ಬಿಚ್ಚದೆ ಇಡಲು ಇನ್ನೊಂದು. ಮಕ್ಕಳ ಕಾಲೇಜಿನ ಖರ್ಚಿಗೆ ಆದೀತೆಂದು ಪೆಟ್ಟಿಗೆಗಟ್ಟಲೆ ಪೇರಿಸಿಟ್ಟವರೂ ಇದ್ದರು. ಸತ್ತ ಸೂಪರ್‌ಮ್ಯಾನ್ 1993ರಲ್ಲಿ ಮರಳಿ ಬಂದ. ಹಾಕಿದ ಹಣ ಮಾತ್ರ ಬರಲಿಲ್ಲ.

ಲೆಕ್ಕ ಬಹಳ ಸರಳ. 1938ರ ಸಂಚಿಕೆ ನೂರು ಉಳಿದಿತ್ತು, ಕೇಳುವವರು ಸಾವಿರಾರು. 1991ರ ಸಂಚಿಕೆ 80 ಲಕ್ಷ ಇತ್ತು, ಎಲ್ಲರೂ ಅದನ್ನು ಹೊಸದರಂತೆ ಕಾಪಾಡಿದ್ದರು. ಎಲ್ಲರ ಮನೆಯಲ್ಲೂ ಇರುವ ವಸ್ತುವನ್ನು ಕೊಳ್ಳುವವರು ಯಾರು? ಬ್ರಿಟಿಷ್ ಲೇಖಕ ನೀಲ್ ಗೈಮನ್ 1993ರಲ್ಲಿ ಅಂಗಡಿಕಾರರ ಸಭೆಯೊಂದರಲ್ಲೇ ಈ ಅಪಾಯದ ಬಗ್ಗೆ ಎಚ್ಚರಿಸಿದ್ದರು. ಹದಿನೇಳನೇ ಶತಮಾನದಲ್ಲಿ ಹಾಲೆಂಡಿನ ಜನ ಟುಲಿಪ್ ಹೂವಿನ ಗಡ್ಡೆಗಳಿಗೆ ಹಣ ಸುರಿದು ಕೈಸುಟ್ಟುಕೊಂಡ ಕತೆಯನ್ನು ಅವರು ಅಲ್ಲಿ ನೆನಪಿಸಿದರು. ಕೆಲವೇ ತಿಂಗಳಲ್ಲಿ ಮಾರುಕಟ್ಟೆ ಕುಸಿಯತೊಡಗಿತು. ವಾಪಸು ಕೊಡಲಾಗದ ಒಪ್ಪಂದವೇ ಈಗ ಅಂಗಡಿಗಳ ಕೊರಳಿಗೆ ಬಿತ್ತು. ಪ್ರಕಾಶಕರ ಲೆಕ್ಕದಲ್ಲಿ ಮಾರಾಟವಾಗಿದ್ದ ರಾಶಿ ರಾಶಿ ಪ್ರತಿಗಳು ನಿಜದಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಿದ್ದಿದ್ದವು. ಸಾವಿರಾರು ಅಂಗಡಿಗಳು ಬಾಗಿಲು ಹಾಕಿದವು. 1996ರ ಡಿಸೆಂಬರ್‌ನಲ್ಲಿ 'ಎಕ್ಸ್-ಮೆನ್' ಪ್ರಕಾಶಕರಾದ ಮಾರ್ವೆಲ್ ಕಂಪೆನಿಯೇ ದಿವಾಳಿ ಅರ್ಜಿ ಹಾಕಿತು.

ಉರ್ದುವಿನ 'ಶೌಕ್' ಎಂಬ ಮಾತಿಗೆ ಮನಸ್ಸಿನ ಆಳದ ಒಲವು, ಹಂಬಲ ಎಂಬ ಅರ್ಥವಿದೆ. ಅದೇ ಮಾತು ಕನ್ನಡಕ್ಕೆ ಬಂದು 'ಶೋಕಿ'ಯಾದಾಗ ತೋರಿಕೆಯ ಅರ್ಥ ಪಡೆಯಿತು. ಕಾಮಿಕ್ಸ್ ಸಂಗ್ರಹದ ಪಯಣವೂ ಇದೇ ರೀತಿಯದು. 2000ದಲ್ಲಿ ಅಮೆರಿಕದಲ್ಲಿ ಒಂದು ಕಂಪೆನಿ ಶುರುವಾಯಿತು. ಅದು ಕಾಮಿಕ್ಸ್ ಪುಸ್ತಕವನ್ನು ಪರೀಕ್ಷಿಸಿ, ಹತ್ತಕ್ಕೆ ಇಷ್ಟು ಅಂಕವೆಂದು ಬರೆದು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಶಾಶ್ವತವಾಗಿ ಮುಚ್ಚಿ ಕೊಡುತ್ತದೆ. ಪೆಟ್ಟಿಗೆ ಒಡೆದರೆ ಅಂಕ ಹೋಯಿತು, ಅಂಕ ಹೋದರೆ ಬೆಲೆ ಹೋಯಿತು. ಆದ್ದರಿಂದ ಅದರ ಒಡೆಯನೂ ಅದನ್ನು ಓದುವಂತಿಲ್ಲ. ಕೊಳ್ಳುವುದು, ಮಾರುವುದು, ಗೋಡೆಗೆ ತೂಗುಹಾಕುವುದು ಎಲ್ಲ ಸಾಧ್ಯ. ಪುಟ ತಿರುಗಿಸುವುದೊಂದು ಸಾಧ್ಯವಿಲ್ಲ.

ಹಾಗಾದರೆ ಸಂಗ್ರಹ ಬಿಟ್ಟವರು ಏನು ಮಾಡಿದರು? ಕೆಲವರು ಮಾರಿ ಕೈತೊಳೆದುಕೊಂಡರು. ಹಾಲಿವುಡ್ ನಟ ನಿಕೊಲಾಸ್ ಕೇಜ್ 2002ರಲ್ಲಿ ತಮ್ಮ ಸಂಗ್ರಹವನ್ನು ಹರಾಜು ಹಾಕಿದರು. 16 ಲಕ್ಷ ಡಾಲರಿಗೂ ಹೆಚ್ಚು ಬಂತು. 1990ರ ದಶಕದ ಸಾಮಾನ್ಯ ಸಂಗ್ರಹಕಾರರಿಗೆ ಆ ಭಾಗ್ಯವಿರಲಿಲ್ಲ. ಪೆಟ್ಟಿಗೆ ಹೊತ್ತು ಅಂಗಡಿಗೆ ಹೋದರೆ ಅಂಗಡಿಯವನೇ ಅಂಥದ್ದರ ನಡುವೆ ಕುಳಿತಿದ್ದ. ಅವರು ಬೇಸರದಿಂದ ಎಸೆದರು, ಇಲ್ಲವೇ ಅಟ್ಟಕ್ಕೆ ಹಾಕಿ ಮರೆತರು.

ಮೂರನೆಯ ಬಗೆಯವರೂ ಇದ್ದರು. ಸ್ಯಾನ್ ಫ್ರಾನ್ಸಿಸ್ಕೊದ ಬಿಲ್ ಬ್ಲ್ಯಾಕ್‌ಬಿಯರ್ಡ್ ಸಂಗ್ರಹಿಸಿದ್ದು ಮುಖ್ಯವಾಗಿ ದಿನಪತ್ರಿಕೆಗಳ ಚಿತ್ರಕತೆಗಳನ್ನು. 1960ರ ದಶಕದಲ್ಲಿ ಗ್ರಂಥಾಲಯಗಳು ಹಳೆಯ ಪತ್ರಿಕೆಗಳನ್ನು ಮೈಕ್ರೋಫಿಲ್ಮ್ ಮಾಡಿಸಿ ಮೂಲ ಸಂಪುಟಗಳನ್ನು ಹೊರಗೆ ಹಾಕುತ್ತಿದ್ದವು. ಕಪ್ಪು-ಬಿಳುಪಿನ ಆ ಫಿಲ್ಮಿನಲ್ಲಿ ಭಾನುವಾರದ ಬಣ್ಣದ ಚಿತ್ರಕತೆಗಳು ಬಣ್ಣ ಕಳೆದುಕೊಂಡವು. ಬ್ಲ್ಯಾಕ್‌ಬಿಯರ್ಡ್ ಆ ಸಂಪುಟಗಳನ್ನು ತಂದು ಮನೆ ತುಂಬ ಪೇರಿಸಿದರು. ಕೇಳಿಬಂದ ಸಂಶೋಧಕರಿಗೆ ತೋರಿಸಿದರು. 1990ರ ದಶಕದ ಕೊನೆಗೆ ಬಾಡಿಗೆ ಮನೆ ಬಿಡಬೇಕಾಗಿ ಬಂದಾಗ ಇಡೀ ಸಂಗ್ರಹವನ್ನು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಆರು ದೊಡ್ಡ ಲಾರಿಗಳಲ್ಲಿ ಹೋದ ಅದರ ತೂಕ 75 ಟನ್. 2018ರಲ್ಲಿ ಕಾಮಿಕ್ಸ್ ವಿತರಕ ಸ್ಟೀಫನ್ ಗೆಪ್ಪಿ ಬಾಲ್ಟಿಮೋರ್‌ನ ತಮ್ಮ ಖಾಸಗಿ ಮ್ಯೂಸಿಯಂ ಮುಚ್ಚಿ, 3,000ಕ್ಕೂ ಹೆಚ್ಚು ವಸ್ತುಗಳನ್ನು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವೆನಿಸಿದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ದಾನ ಮಾಡಿದರು.

ಇದು ದೂರದ ದೇಶದ ಶ್ರೀಮಂತರ ವಿಷಯವೆಂದು ನಾವು ಸುಮ್ಮನಿರುವಂತಿಲ್ಲ. 'ಅಮರ ಚಿತ್ರಕಥೆ' ಎಂದರೆ ನಮಗೆ ಅನಂತ ಪೈ ಮತ್ತು ಮುಂಬಯಿ ನೆನಪಾಗುತ್ತದೆ. ಆದರೆ ಆ ಹೆಸರಿನ ಮೊದಲ ಪುಸ್ತಕಗಳು 1965ರಲ್ಲಿ ಬಂದದ್ದು ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಯತ್ನದಿಂದ ಹೊರಬಂದ ಆ ಹತ್ತು ಪುಸ್ತಕಗಳಲ್ಲಿ ಇದ್ದದ್ದು ಪಾಶ್ಚಾತ್ಯ ಕಿನ್ನರ ಕತೆಗಳು. ಹೆಸರಾದ 'ಕೃಷ್ಣ' ಹನ್ನೊಂದನೆಯ ಪುಸ್ತಕ. 1964ರಿಂದ 1990ರವರೆಗೆ ನಡೆದ ಇಂದ್ರಜಾಲ ಕಾಮಿಕ್ಸ್ ಕೂಡ ಕನ್ನಡದಲ್ಲಿ ಬರುತ್ತಿತ್ತು. ಅವೆಲ್ಲ ಬಾಡಿಗೆ ಲೈಬ್ರರಿಗಳಲ್ಲಿ ಕೈಯಿಂದ ಕೈಗೆ ದಾಟಿ, ಪಿನ್ನು ಕಳಚಿ, ಮುಖಪುಟ ಹರಿದು, ಕೊನೆಗೆ ಕಿಲೋ ಲೆಕ್ಕದಲ್ಲಿ ರದ್ದಿ ಸೇರಿದವು. ಪುಸ್ತಕವೊಂದಕ್ಕೆ ಅದು ಗೌರವದ ಬಾಳೇ ಸರಿ. ಆದರೆ ಕನ್ನಡದ ಮಕ್ಕಳು ಏನು ಓದಿ ಬೆಳೆದರೆಂದು ನಾಳೆ ಬರೆಯಹೊರಟವನಿಗೆ ಒಂದೊಂದು ಪ್ರತಿಯಾದರೂ ಬೇಕಲ್ಲವೇ?

ಅಲ್ಲೊಬ್ಬರು ಇಲ್ಲೊಬ್ಬರು ಹಠ ಹಿಡಿದು ಕೂಡಿಟ್ಟವರು ನಮ್ಮಲ್ಲೂ ಇದ್ದಾರೆ. ವಯಸ್ಸಾಗಿ, ಮನೆ ಚಿಕ್ಕದಾಗಿ, ಅಥವಾ ಸುಮ್ಮನೆ ಸಾಕೆನಿಸಿ, ಇನ್ನು ಸಂಗ್ರಹ ಸಾಕು ಎಂದು ಅವರು ಒಂದು ದಿನ ನಿರ್ಧರಿಸುವುದು ಸಹಜ. ಅದರಲ್ಲಿ ಸೋಲೇನೂ ಇಲ್ಲ. ಅಂದು ಆ ಪೆಟ್ಟಿಗೆಯನ್ನು ರದ್ದಿಯವನ ತಕ್ಕಡಿಗೆ ಹಾಕುವ ಮುನ್ನ ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಂದು ಕಾಗದ ಬರೆದು ನೋಡಲಿ. ಅಪರೂಪದ್ದನ್ನು ಅಲ್ಲಿಗೆ ಕೊಟ್ಟು, ಮಿಕ್ಕದ್ದನ್ನು ಪುಟ ತಿರುಗಿಸಬಲ್ಲ ಯಾವುದಾದರೂ ಮಗುವಿನ ಕೈಗೆ ಇಡಲಿ. ಹರಿದರೂ ಚಿಂತೆಯಿಲ್ಲ, ಅದು ಓದಿ ಹರಿಯುತ್ತದೆ.