ಬಾರ್ಡೋಲಿಯ ಬಿಡಾರದಲ್ಲಿ ವರ್ಣಪ್ರಶ್ನೆ: 1936ರ ಒಂದು ಸಂಭಾಷಣೆಯ ಚರಿತ್ರೆ

ಸೂರತ್ ನಗರದಿಂದ ಪೂರ್ವಾಭಿಮುಖವಾಗಿ ಹೊರಟು ಕರಿಯ ಎರೆಮಣ್ಣಿನ ಬಯಲನ್ನು ದಾಟಿದರೆ ದೊರೆಯುವ ಬಾರ್ಡೋಲಿ ಎಂಬ ಊರು, 1928ರ ಕರನಿರಾಕರಣೆಯ ಸತ್ಯಾಗ್ರಹದಿಂದಲೂ, ಅದನ್ನು ನಡೆಸಿದ ವಲ್ಲಭಭಾಯಿ ಪಟೇಲರಿಗೆ ‘ಸರ್ದಾರ್’ ಎಂಬ ಬಿರುದು ಸಂದ ನೆಲವೆಂಬ ಖ್ಯಾತಿಯಿಂದಲೂ ನಮ್ಮವರಿಗೆ ಸುಪರಿಚಿತವಾಗಿದೆ. ಆದರೆ 1936ನೆಯ ಇಸವಿಯ ಫೆಬ್ರವರಿ 21ರಂದು ಅದೇ ಊರಿನ ಬಿಡಾರವೊಂದರಲ್ಲಿ ಅಮೆರಿಕದ ಕರಿಯ ಜನಾಂಗದ ಪ್ರತಿನಿಧಿಗಳಿಗೂ ಗಾಂಧೀಜಿಗೂ ಸುಮಾರು ಮೂರು ಗಂಟೆಗಳ ಕಾಲ ನಡೆದ ಸಂಭಾಷಣೆ, ಅದರ ಪರಿಣಾಮ ಎರಡು ಖಂಡಗಳ ಮೇಲೆ ಬಿದ್ದರೂ, ನಮ್ಮ ಚರಿತ್ರಗ್ರಂಥಗಳಲ್ಲಿ ಒಂದೆರಡು ಪಂಕ್ತಿಗಳಲ್ಲಿಯೇ ಮುಗಿದುಹೋಗುತ್ತದೆ. ಅಮೆರಿಕದ ವರ್ಣಭೇದದ ವಿಚಾರಣೆ ನಡೆದ ಆ ನೆಲವೇ ಮನುಷ್ಯರನ್ನು ಬಣ್ಣದ ಹೆಸರಿನಿಂದ ಎರಡು ಪಾಲು ಮಾಡಿದ್ದ ನೆಲವೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಆ ಸಂಭಾಷಣೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

1

ಸೂರತ್ತಿಗೂ ಅಮೆರಿಕದ ದಾಸ್ಯಪದ್ಧತಿಗೂ ಸಂಬಂಧ ಮೊದಲು ಬೆಳೆದದ್ದು ಹತ್ತಿಯ ಮೂಲಕ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸಂಸ್ಥಾನಗಳ ಬಂದರುಗಳು ಮುಚ್ಚಿ, ಗುಲಾಮರ ಬೆವರಿನಿಂದ ಬೆಳೆದ ಹತ್ತಿ ಲ್ಯಾಂಕಶೈರಿನ ಗಿರಣಿಗಳಿಗೆ ದೊರೆಯದಾದಾಗ, ಆ ಸ್ಥಾನವನ್ನು ತುಂಬಲು ಹೋದದ್ದು ಈ ಭಾಗದ ಗಿಡ್ಡ ಎಳೆಯ ಹತ್ತಿ. ನೂಲುವಾಗ ಮೇಲಿಂದ ಮೇಲೆ ಹರಿಯುತ್ತಿದ್ದ ಅದನ್ನು ಶಪಿಸುತ್ತಿದ್ದ ಅಲ್ಲಿಯ ಕೆಲಸಗಾರರ ಬಾಯಲ್ಲಿ ‘ಸೂರತ್’ ಎಂಬ ಹೆಸರೇ ಕಳಪೆ ಮಾಲಿಗೆ ಪರ್ಯಾಯವಾಯಿತು. ಇತ್ತ ಬೆಲೆ ಆಕಾಶಕ್ಕೇರಿ, ಯುದ್ಧ ಮುಗಿಯುತ್ತಲೇ ಪಾತಾಳಕ್ಕಿಳಿಯಿತು. ಒಂದು ದೇಶದ ಗುಲಾಮನಿಗೆ ಬಿಡುಗಡೆಯ ಬಾಗಿಲು ತೆರೆದ ಯುದ್ಧವು ಇನ್ನೊಂದು ದೇಶದ ಒಕ್ಕಲಿಗನಿಗೆ ಕ್ಷಣಿಕ ಸಂಪತ್ತನ್ನು ತಂದಿತ್ತು.

ಆ ಒಕ್ಕಲಿಗನ ಹೊಲದಲ್ಲಿ ದುಡಿಯುತ್ತಿದ್ದವನ ಸ್ಥಿತಿ ಮಾತ್ರ ಬದಲಾಗಲಿಲ್ಲ. ದಕ್ಷಿಣ ಗುಜರಾತಿನಲ್ಲಿ ಮೇಲ್ಜಾತಿಯವರನ್ನು ‘ಉಜಳಿಪರಜ’ ಎಂದರೆ ಬೆಳ್ಳನೆಯ ಪ್ರಜೆಗಳೆಂದೂ, ದುಬ್ಳಾ, ಚೌಧರಿ, ಧೋಡಿಯಾ ಮೊದಲಾದ ಬುಡಕಟ್ಟುಗಳನ್ನು ‘ಕಾಳಿಪರಜ’ ಎಂದರೆ ಕಪ್ಪು ಪ್ರಜೆಗಳೆಂದೂ ಕರೆಯುವುದು ರೂಢಿಯಾಗಿತ್ತು. ದುಬ್ಳಾ ಯುವಕನೊಬ್ಬನು ತನ್ನ ಮದುವೆಯ ಖರ್ಚಿಗಾಗಿ ಅನಾವಿಲ ಬ್ರಾಹ್ಮಣನಿಂದಲೋ ಪಾಟೀದಾರನಿಂದಲೋ ಸಾಲವನ್ನೆತ್ತಿದನೆಂದರೆ, ಅಂದಿನಿಂದ ಅವನು ಆ ‘ಧಣಿಯಾಮ’ನ ‘ಹಾಳಿ’. ಅವನ ದುಡಿಮೆ ಹೊಲಕ್ಕೆ, ಹೆಂಡತಿಯ ದುಡಿಮೆ ಧಣಿಯ ಕೊಟ್ಟಿಗೆಗೂ ಅಂಗಳಕ್ಕೂ ಮುಡಿಪು. ಪ್ರತಿಯಾಗಿ ದೊರೆಯುವ ಕಾಳು ಹೊಟ್ಟೆಗೆ ಸಾಲದೆ ಸಾಲ ಬೆಳೆಯುತ್ತ ಹೋಗಿ, ಮಗನ ಮದುವೆಯ ಕಾಲಕ್ಕೆ ಮಗನೂ ಅದೇ ಕಟ್ಟಿಗೆ ಒಳಗಾಗುವನು. 1920ರ ದಶಕದಲ್ಲಿ ವೇಡಛಿ ಗ್ರಾಮವನ್ನು ಕೇಂದ್ರವಾಗಿಸಿಕೊಂಡ ಗಾಂಧಿಪಂಥದ ಸೇವಕರು ‘ಕಾಳಿಪರಜ’ವನ್ನು ‘ರಾನಿಪರಜ’ ಎಂದರೆ ಅರಣ್ಯದ ಪ್ರಜೆಗಳೆಂದು ಬದಲಿಸಿದರು. ದುಬ್ಳಾಗಳಿಗೂ ಮುಂದೆ ‘ಹಳಪತಿ’ ಎಂದರೆ ನೇಗಿಲಿನ ಒಡೆಯರೆಂಬ ಹೆಸರು ಬಂದಿತು. ಹೆಸರು ಬದಲಾದಷ್ಟು ಶೀಘ್ರವಾಗಿ ಹೊಲದ ವ್ಯವಸ್ಥೆ ಬದಲಾಗಲಿಲ್ಲ.

2

ಬಾರ್ಡೋಲಿಗೆ ಬಂದ ಅತಿಥಿಗಳ ಮುಖ್ಯಸ್ಥರು ಹೋವರ್ಡ್ ಥರ್ಮನ್. 1899ರಲ್ಲಿ ಜನಿಸಿ, ಫ್ಲಾರಿಡಾದ ಡೇಟೋನಾದಲ್ಲಿ ಬೆಳೆದು, ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾನಿಲಯದಲ್ಲಿ ಧರ್ಮಶಾಸ್ತ್ರದ ಅಧ್ಯಾಪಕರಾಗಿದ್ದವರು. ಅವರನ್ನು ಸಾಕಿದ ಅಜ್ಜಿ ನ್ಯಾನ್ಸಿ ಆಂಬ್ರೋಸ್ ದಾಸ್ಯದಲ್ಲಿಯೇ ಹುಟ್ಟಿದವಳು, ನಿರಕ್ಷರಿ. ಮೊಮ್ಮಗನಿಂದ ಬೈಬಲ್ಲನ್ನು ಓದಿಸಿ ಕೇಳುತ್ತಿದ್ದ ಆಕೆ, ಸಂತ ಪಾಲನ ಪತ್ರಗಳನ್ನು ಮಾತ್ರ ಓದಗೊಡುತ್ತಿರಲಿಲ್ಲ. ಗುಲಾಮರು ಒಡೆಯನಿಗೆ ವಿಧೇಯರಾಗಿರಬೇಕೆಂಬ ವಚನವನ್ನು ಆ ಪತ್ರಗಳಿಂದಲೇ ಎತ್ತಿ ಒಡೆಯನ ಪಾದ್ರಿ ವರ್ಷವರ್ಷವೂ ಬೋಧಿಸಿದ್ದನ್ನು ಆಕೆ ಮರೆತಿರಲಿಲ್ಲ.

ವಿದ್ಯಾರ್ಥಿ ಕ್ರೈಸ್ತ ಸಂಘಟನೆಯ ಆಶ್ರಯದಲ್ಲಿ 1935ರ ಅಕ್ಟೋಬರಿನಲ್ಲಿ ಪತ್ನಿ ಸೂ ಬೇಲಿ ಥರ್ಮನ್ ಮತ್ತು ಎಡ್ವರ್ಡ್ ಹಾಗೂ ಫಿನೋಲಾ ಕ್ಯಾರಲ್ ದಂಪತಿಗಳೊಡನೆ ಸಿಂಹಳ, ಬರ್ಮಾ, ಭಾರತಗಳ ಯಾತ್ರೆಗೆ ತೊಡಗಿದ ಥರ್ಮನ್ನರನ್ನು ಕೊಲಂಬೋದ ನ್ಯಾಯಶಾಸ್ತ್ರ ಕಾಲೇಜಿನಲ್ಲಿ ಕಠೋರವಾದ ಪ್ರಶ್ನೆಯೊಂದು ಎದುರುಗೊಂಡಿತು: ನಿಮ್ಮವರನ್ನು ಗುಲಾಮರನ್ನಾಗಿ ಮಾರಿದವರೂ, ಮರಕ್ಕೆ ನೇಣು ಹಾಕುವವರೂ ಕ್ರೈಸ್ತರೇ ಆಗಿರುವಾಗ, ಆ ಧರ್ಮದ ಪರವಾಗಿ ಮಾತನಾಡುವ ನೀವು ಸಮಸ್ತ ಕಪ್ಪು ಜನರಿಗೂ ದ್ರೋಹಿಗಳಲ್ಲವೇ? ಅದಕ್ಕೆ ಥರ್ಮನ್ನರು ಪೂರ್ಣೋತ್ತರವನ್ನು ಕೊಟ್ಟದ್ದು 1949ರಲ್ಲಿ, ‘ಜೀಸಸ್ ಅಂಡ್ ದಿ ಡಿಸ್‌ಇನ್‌ಹೆರಿಟೆಡ್’ ಎಂಬ ಗ್ರಂಥದಲ್ಲಿ.

3

ಬಡೋದೆ ಸಂಸ್ಥಾನಕ್ಕೆ ಸೇರಿದ್ದ ನವಸಾರಿಯಲ್ಲಿ ರೈಲಿಳಿದ ಅತಿಥಿಗಳನ್ನು ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿಯವರು ಎದುರುಗೊಂಡು ಮೋಟಾರಿನಲ್ಲಿ ಬಾರ್ಡೋಲಿಗೆ ಕರೆತಂದರು. ರಕ್ತದೊತ್ತಡದಿಂದ ಬಳಲಿ ಆಗತಾನೇ ಚೇತರಿಸಿಕೊಳ್ಳುತ್ತಿದ್ದ ಗಾಂಧೀಜಿ ಬಿಡಾರದಿಂದ ಹೊರಗೆ ಬಂದು ಸ್ವಾಗತಿಸಿದರು. ಆ ಬಳಿಕ ಪ್ರಶ್ನೆ ಕೇಳಬಂದವರೇ ಬಹಳ ಹೊತ್ತು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಯಿತು: ದಾಸ್ಯದ ಚರಿತ್ರೆಯೇನು, ಮತದಾನದ ಹಕ್ಕು ಎಷ್ಟರಮಟ್ಟಿಗೆ ಇದೆ, ಗುಂಪುಗೂಡಿ ಕೊಲ್ಲುವ ಕೃತ್ಯಗಳು ಹೇಗೆ ನಡೆಯುತ್ತವೆ, ಬಣ್ಣದ ಮೇಲಿನ ತಾತ್ಸಾರ ಬೆಳೆಯುತ್ತಿದೆಯೋ ಕುಗ್ಗುತ್ತಿದೆಯೋ?

ಕಡೆಯ ಪ್ರಶ್ನೆಗೆ ಥರ್ಮನ್ನರ ಉತ್ತರ ವಿವೇಚನೆಯಿಂದ ಕೂಡಿತ್ತು. ಒಂದೆಡೆ ಸ್ಥಿತಿ ಸುಧಾರಿಸಿದಂತೆ ತೋರಿದರೆ ಮತ್ತೊಂದೆಡೆ ಕತ್ತಲು ಕವಿದಿದೆ. ದಕ್ಷಿಣದ ಬಿಳಿಯ ವಿದ್ಯಾರ್ಥಿಗಳಲ್ಲಿ ಹಲವರು ಪೂರ್ವಿಕರ ಮನೋಭಾವವನ್ನು ತೊರೆಯಲು ಸಿದ್ಧರಿದ್ದಾರೆ. ಕೂಲಿಯ ಸ್ಪರ್ಧೆಯಿರುವ ಕೈಗಾರಿಕಾ ನಗರಗಳಲ್ಲಿಯೋ ದ್ವೇಷ ತನ್ನ ಅತಿ ವಿಕಾರ ರೂಪದಲ್ಲಿದೆ. ಅಂತರ್ವಿವಾಹಕ್ಕೆ ಕಾನೂನಿನ ಸಮ್ಮತಿ ಇದೆಯೇ ಎಂದು ಕೇಳಿದಾಗ ವರ್ಜೀನಿಯದಲ್ಲಿ ಪಾದ್ರಿಯಾಗಿದ್ದ ಕ್ಯಾರಲ್ಲರು, 25 ಸಂಸ್ಥಾನಗಳಲ್ಲಿ ಅದು ನಿಷಿದ್ಧವೆಂದೂ, ಅಂಥ ವಿವಾಹವನ್ನು ನೆರವೇರಿಸುವುದಿಲ್ಲವೆಂದು ತಾವೇ 500 ಡಾಲರಿನ ಮುಚ್ಚಳಿಕೆಯನ್ನು ಬರೆದುಕೊಟ್ಟಿರುವುದಾಗಿಯೂ ತಿಳಿಸಿದರು. ಮುನ್ನೂರು ವರ್ಷಗಳ ಕಾಲ ಕರಿಯ ಹೆಂಗಸಿಗೆ ತನ್ನ ದೇಹದ ಮೇಲೆಯೇ ಅಧಿಕಾರವಿರದ ದೇಶದಲ್ಲಿ ರಕ್ತಮಿಶ್ರಣವು ಹೇರಳವಾಗಿ ನಡೆದೇ ಇದೆಯೆಂದು ಥರ್ಮನ್ನರು ಜೊತೆಗೆ ಸೇರಿಸಿದರು. ಬಲಾತ್ಕಾರವನ್ನು ಸಹಿಸಿ ಮದುವೆಯನ್ನು ದಂಡಿಸುವ ಕಾನೂನಿನ ಬಣ್ಣ ಈ ಎರಡು ಮಾತುಗಳಲ್ಲಿ ಬಯಲಾಯಿತು.

ಅತಿ ಕಠಿನವಾದ ಪ್ರಶ್ನೆಯನ್ನು ಕೇಳಿದವರು ಸೂ ಥರ್ಮನ್: ನನ್ನ ಒಡಹುಟ್ಟಿದವನನ್ನು ನನ್ನ ಕಣ್ಣೆದುರಿನಲ್ಲಿಯೇ ಗುಂಪು ಕೊಂದರೆ ನಾನೇನು ಮಾಡಲಿ? ಕೊಂದವರಿಗೆ ಕೇಡನ್ನು ಬಯಸದೆ, ಅವರೊಡನೆ ಯಾವ ಸಹಕಾರವನ್ನೂ ಇಟ್ಟುಕೊಳ್ಳದೆ, ಅಗತ್ಯ ಬಿದ್ದರೆ ಪ್ರಾಣವನ್ನೂ ಒಪ್ಪಿಸಬೇಕೆಂಬ ಉತ್ತರ ದೊರೆಯಿತು. ಅಮೆರಿಕಕ್ಕೆ ಬನ್ನಿರೆಂದು ಆಕೆ ಕರೆದಾಗ, ಸ್ವದೇಶದಲ್ಲಿ ಸಿದ್ಧಿಸದ ಸಂದೇಶವನ್ನು ಹೊತ್ತು ಪರದೇಶಕ್ಕೆ ಬರಲಾರೆನೆಂದು ಗಾಂಧೀಜಿ ಹೇಳಿದರು. ಅತಿಥಿಗಳು ಗುಲಾಮರ ಕಾಲದ ಭಕ್ತಿಗೀತೆಗಳನ್ನು ಹಾಡಿದರು. ಅಹಿಂಸೆಯ ನಿಷ್ಕಲ್ಮಷ ಸಂದೇಶ ಲೋಕಕ್ಕೆ ಮುಟ್ಟುವುದು ಬಹುಶಃ ಇವರ ಜನಾಂಗದ ಮೂಲಕವೇ ಇರಬಹುದೆಂಬ ಗಾಂಧೀಜಿಯ ಪ್ರಸಿದ್ಧ ಮಾತು ಹೊರಟದ್ದು ಆಗಲೇ.

4

ಈ ಭೇಟಿಗೆ ಪ್ರಧಾನ ಸಾಕ್ಷ್ಯಗಳು ಎರಡು: 1936ರ ಮಾರ್ಚ್ 14ರ ‘ಹರಿಜನ’ ಪತ್ರಿಕೆಯಲ್ಲಿ ಮಹಾದೇವ ದೇಸಾಯಿಯವರು ಪ್ರಕಟಿಸಿದ ವರದಿ, ಮತ್ತು 1979ರಲ್ಲಿ ಹೊರಬಂದ ಥರ್ಮನ್ನರ ಆತ್ಮಚರಿತ್ರೆ. ದೇಸಾಯಿಯವರ ಲೇಖನಿ ಅಹಿಂಸೆಯ ತತ್ತ್ವಮೀಮಾಂಸೆಯ ಕಡೆಗೆ ಹರಿದರೆ, ಥರ್ಮನ್ನರ ನೆನಪಿನಲ್ಲಿ ನಾಲ್ಕು ದಶಕಗಳ ನಂತರವೂ ಉಳಿದದ್ದು ಒಂದು ತಪ್ಪೊಪ್ಪಿಗೆ: ಜನರು ಆತ್ಮಗೌರವವನ್ನು ಕಳೆದುಕೊಂಡದ್ದು ವಿದೇಶೀಯ ಪ್ರಭುತ್ವದಿಂದಲ್ಲ, ಹಿಂದೂ ಧರ್ಮದೊಳಗಿನ ಅಸ್ಪೃಶ್ಯತೆಯಿಂದ ಎಂದು ಗಾಂಧೀಜಿ ಒಪ್ಪಿಕೊಂಡದ್ದು. ವರದಿಗಾರರಾದ ದೇಸಾಯಿಯವರು ಸೂರತ್ ಜಿಲ್ಲೆಯ ಸರಸ ಗ್ರಾಮದಲ್ಲಿ ಹುಟ್ಟಿದ ಅನಾವಿಲ ಬ್ರಾಹ್ಮಣರು; ಹಾಳಿಗಳ ಧಣಿಗಳೆನಿಸಿದ ಜಾತಿಗಳಲ್ಲಿ ಅದೇ ಅಗ್ರಗಣ್ಯ. ಅವರ ನಿಷ್ಠೆ ಪ್ರಶ್ನಾತೀತವಾದರೂ, ಬಿಡಾರದ ಸುತ್ತಲಿನ ಹೊಲಗಳಲ್ಲಿದ್ದ ಹಾಳಿಯ ಮಾತು ಎರಡು ಸಾಕ್ಷ್ಯಗಳಲ್ಲಿಯೂ ಕಾಣದಿರುವುದು ಚಿಂತನೀಯ.

ತಮ್ಮ ಮನೆಯಿಂದಲೇ ಪ್ರಾರಂಭಿಸಿದೆನೆಂದು ಗಾಂಧೀಜಿ ಥರ್ಮನ್ನರಿಗೆ ಹೇಳಿದ ಮಾತಿನ ಹಿಂದೆ ಅಹಮದಾಬಾದಿನ ಒಂದು ಬಾವಿಯಿದೆ. 1915ರಲ್ಲಿ ಕೊಚರಬಿನ ಆಶ್ರಮಕ್ಕೆ ಅಸ್ಪೃಶ್ಯರಾದ ದೂದಾಭಾಯಿ, ಅವರ ಪತ್ನಿ ದಾನೀಬೆನ್ ಮತ್ತು ಹಸುಳೆ ಲಕ್ಷ್ಮಿ ಬಂದು ಸೇರಿದಾಗ, ಬಾವಿಯಲ್ಲಿ ಕಪಿಲೆ ಹೊಡೆಯುತ್ತಿದ್ದವನು ಇವರ ಕೊಡದ ಹನಿ ಸಿಡಿದರೆ ಮೈಲಿಗೆಯೆಂದು ಬೈಯತೊಡಗಿದನು; ಬೈಗುಳನ್ನು ಸಹಿಸಿ ನೀರು ಸೇದುತ್ತಲೇ ಇರಬೇಕೆಂದು ಎಲ್ಲರಿಗೂ ಅಪ್ಪಣೆಯಾಯಿತು; ಕಡೆಗೆ ಅವನೇ ನಾಚಿ ಸುಮ್ಮನಾದನು. ಧನಸಹಾಯ ನಿಂತುಹೋಗಿ, ಅಸ್ಪೃಶ್ಯರ ಕೇರಿಗೆ ಹೋಗಿ ನೆಲಸುವುದೊಂದೇ ಉಳಿದಿದ್ದಾಗ, ಶ್ರೀಮಂತರೊಬ್ಬರು ಮೋಟಾರಿನಲ್ಲಿ ಬಂದು 13,000 ರೂಪಾಯಿಗಳನ್ನು ಕೈಗಿತ್ತು ಹೊರಟುಹೋದರು. ಅವರು ಅಂಬಾಲಾಲ್ ಸಾರಾಭಾಯಿಯವರೆಂದು ಚರಿತ್ರಕಾರರು ಗುರುತಿಸಿದ್ದಾರೆ. ಆಶ್ರಮದ ಹೆಂಗಸರ, ಕಸ್ತೂರಬಾ ಅವರದೂ ಸೇರಿ, ಅಸಮಾಧಾನವನ್ನು ನೀಗಲು ಯಾವ ಹಣವೂ ಸಾಲದಾಗಿತ್ತು. ಲಕ್ಷ್ಮಿ ಆ ಮನೆಯ ಮಗಳಾದದ್ದು ಕಾಲಕ್ರಮದಲ್ಲಿ. ದಕ್ಷಿಣ ಆಫ್ರಿಕದ ಆರಂಭದ ವರ್ಷಗಳಲ್ಲಿ ಅಲ್ಲಿಯ ಕರಿಯರನ್ನು ಕುರಿತು ಗಾಂಧೀಜಿಯೇ ತುಚ್ಛವಾಗಿ ಬರೆದದ್ದುಂಟು. ಬಾರ್ಡೋಲಿಯ ಆತಿಥೇಯನಾಗುವ ಮುನ್ನ ಅವರೂ ಬಹುದೂರ ನಡೆದು ಬರಬೇಕಾಗಿತ್ತು.

ಇದೇ ಪ್ರಾಂತದ ಬಡೋದೆಯಲ್ಲಿ ಕೊಚರಬಿನಲ್ಲಿ ನಡೆದುದಕ್ಕೆ ವಿಪರೀತವಾದ ಘಟನೆ ನಡೆದಿತ್ತು. ಮಹಾರಾಜ ಸಯಾಜಿರಾಯರ ವಿದ್ಯಾರ್ಥಿವೇತನದಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದ ಅಂಬೇಡ್ಕರರು, 1917ರಲ್ಲಿ ಸಂಸ್ಥಾನದ ಸೇವೆಗಾಗಿ ಬಂದಾಗ ಇಳಿದುಕೊಳ್ಳಲು ಮನೆ ದೊರೆಯದೆ, ಪಾರಸಿಗಳ ತಂಗುದಾಣವೊಂದರಲ್ಲಿ ಪಾರಸಿಯ ಹೆಸರಿನಿಂದ ಕೆಲವು ದಿನ ಕಳೆದರು. ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿದಾಗ, ಕಾಮಾಠಿ ಬಾಗಿನಲ್ಲಿ ಕುಳಿತು, ಮುಂಬಯಿಯ ರೈಲಿನ ಹೊತ್ತಿಗಾಗಿ ಕಾದರು. ಪರದೇಶದ ವರ್ಷಗಳಲ್ಲಿ ತಾವು ಅಸ್ಪೃಶ್ಯರೆಂಬುದೇ ಮರೆತುಹೋಗಿತ್ತೆಂದು ಮುಂದೆ ಅವರು ಬರೆದರು. ಥರ್ಮನ್ನರ ಯಾತ್ರೆ ಮೊದಲಾದ 1935ರ ಅಕ್ಟೋಬರಿನಲ್ಲಿಯೇ, ಹಿಂದುವಾಗಿ ಸಾಯಲಾರೆನೆಂದು ಯೇವಲೆಯಲ್ಲಿ ಅವರು ಘೋಷಿಸಿದ್ದು.

5

ಕನ್ನಡನಾಡಿಗೂ ಈ ಚರಿತ್ರೆಯಲ್ಲೊಂದು ಪಾಲಿದೆ. 1937ರ ಜನವರಿಯಲ್ಲಿ ಮೈಸೂರಿನಲ್ಲಿ ನೆರೆದ ವೈ.ಎಂ.ಸಿ.ಎ. ವಿಶ್ವಸಮ್ಮೇಳನಕ್ಕೆ ಬಂದಿದ್ದ ಬೆಂಜಮಿನ್ ಮೇಸ್ ಎಂಬ ಕರಿಯ ವಿದ್ವಾಂಸರನ್ನು ಅಸ್ಪೃಶ್ಯ ಬಾಲಕರ ಶಾಲೆಯೊಂದಕ್ಕೆ ಕರೆದೊಯ್ದ ಮುಖ್ಯೋಪಾಧ್ಯಾಯರು, ಇವರೂ ಕೀರ್ತಿವಂತರಾದ ಒಬ್ಬ ಅಸ್ಪೃಶ್ಯರೇ ಎಂದು ಪರಿಚಯ ಮಾಡಿಕೊಟ್ಟರು. ಮೇಸ್ ಅವರಿಗೆ ಮೊದಲು ಕೋಪ ಬಂದಿತು. ಮರುಗಳಿಗೆಯಲ್ಲಿ, ಸ್ವದೇಶದಲ್ಲಿ ತನಗೆ ಪ್ರವೇಶವಿಲ್ಲದ ಹೋಟೆಲುಗಳನ್ನು, ರೈಲುಡಬ್ಬಿಗಳನ್ನು ನೆನೆದಾಗ, ಆ ಮಾತು ಸತ್ಯವೆಂದು ತೋರಿತು. 1940ರಲ್ಲಿ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದ ಅವರ ಶಿಷ್ಯರೇ ಮಾರ್ಟಿನ್ ಲೂಥರ್ ಕಿಂಗ್. 1959ರಲ್ಲಿ ಕೇರಳದ ಶಾಲೆಯೊಂದರಲ್ಲಿ ಕಿಂಗ್ ಅವರಿಗೂ ಅದೇ ಪರಿಚಯ, ಅದೇ ಕೋಪ, ಅದೇ ಅರಿವು.

ಥರ್ಮನ್ನರು 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಲ್ಫ್ರೆಡ್ ಫಿಸ್ಕ್ ಎಂಬ ಬಿಳಿಯ ಪಾದ್ರಿಯೊಡನೆ ಎಲ್ಲ ಜನಾಂಗದವರೂ ಕೂಡಿ ಪ್ರಾರ್ಥಿಸುವ ದೇವಾಲಯವನ್ನು ಸ್ಥಾಪಿಸಿದರು. ಕ್ಯಾರಲ್ಲರಿಂದ ಮುಚ್ಚಳಿಕೆ ಬರೆಯಿಸಿಕೊಂಡ ವರ್ಜೀನಿಯದ ವಿವಾಹನಿಷೇಧವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1967ರಲ್ಲಿ ರದ್ದುಗೊಳಿಸಿತು. ಹಾಳಿಯ ಸಾಲದ ಕಟ್ಟನ್ನು ಭಾರತದ ಜೀತಪದ್ಧತಿ ನಿರ್ಮೂಲನ ಕಾಯಿದೆ 1976ರಲ್ಲಿ ಕಡಿಯಿತು. ಬರೆದ ಮುಚ್ಚಳಿಕೆಯನ್ನು ಹರಿಯುವುದಕ್ಕೆ ನ್ಯಾಯಾಲಯವುಂಟು. ಕೊಚರಬಿನ ಬಾವಿಯ ಬಳಿ ಹನಿಗೆ ಹೆದರಿದ ಮನಸ್ಸು ಯಾವ ಮುಚ್ಚಳಿಕೆಯನ್ನೂ ಬರೆದುಕೊಟ್ಟಿರಲಿಲ್ಲ. ಅದನ್ನು ಅಳಿಸುವ ಕೆಲಸ ಅಂದಿನಂತೆ ಇಂದೂ ಬಾವಿಕಟ್ಟೆಯಲ್ಲಿ ನಿಂತವರದೇ ಆಗಿದೆ.