ನಾರ್ತ್ ಅಂಪ್ಕ್ವಾದ ಸ್ಟೀಲ್‌ಹೆಡ್ ಫ್ಲೈ ಫಿಶಿಂಗ್

ನಾರ್ತ್ ಅಂಪ್ಕ್ವಾದ ಸ್ಟೀಲ್‌ಹೆಡ್ ಫ್ಲೈ ಫಿಶಿಂಗ್: ಅಮೆರಿಕದ ಆರಿಗನ್ ರಾಜ್ಯದ ನಾರ್ತ್ ಅಂಪ್ಕ್ವಾ ನದಿಯಲ್ಲಿ, ಕಡಲಿನಿಂದ ಮರಳುವ ಸ್ಟೀಲ್‌ಹೆಡ್ ಮೀನನ್ನು ಗರಿ, ಕೂದಲು, ನೂಲುಗಳಿಂದ ಕಟ್ಟಿದ ಕೃತಕ ನೊಣದ ಗಾಳದಿಂದ ಹಿಡಿಯುವ ಕ್ರೀಡೆ.

ಸ್ಟೀಲ್‌ಹೆಡ್ ಎಂಬುದು ರೇನ್‌ಬೋ ಟ್ರೌಟ್ ಮೀನಿನ ವಲಸೆ ರೂಪ; ಸಿಹಿನೀರಿನಲ್ಲಿ ಹುಟ್ಟಿ, ಪೆಸಿಫಿಕ್ ಸಾಗರದಲ್ಲಿ ಬೆಳೆದು, ಮೊಟ್ಟೆಯಿಡಲು ನದಿಗೆ ಹಿಂದಿರುಗುತ್ತದೆ. ಬೇಸಗೆಯಲ್ಲಿ ಬರುವ ಮೀನುಗಳು ಪ್ರಜನನಾಂಗಗಳು ಪಕ್ವವಾಗುವ ಮೊದಲೇ ನದಿ ಸೇರಿ, ತಂಪಾದ ಮಡುಗಳಲ್ಲಿ ಹಲವು ತಿಂಗಳು ತಂಗುತ್ತವೆ. ಈ ಅವಧಿಯಲ್ಲಿ ಆಹಾರ ಸೇವನೆ ಅತ್ಯಲ್ಪ.

ಗಾಳಗಾರರು ಹರಿವಿಗೆ ಓರೆಯಾಗಿ, ಕೆಳದಿಕ್ಕಿಗೆ ದಾರ ಬೀಸುತ್ತಾರೆ. ಸೆಳೆವಿಗೆ ಬಿಗಿಗೊಂಡ ದಾರ ನೊಣವನ್ನು ಕಮಾನಿನಂತೆ ದಡದತ್ತ ಒಯ್ಯುತ್ತದೆ. ಕಪ್ಪು ಒಡಲು, ಹಸಿರು ತುದಿ, ಬಿಳಿ ಕೂದಲ ರೆಕ್ಕೆಯ ಗ್ರೀನ್ ಬಟ್ ಸ್ಕಂಕ್ ಇಲ್ಲಿಯ ಹೆಸರಾಂತ ನೊಣ.

ಕಾದಂಬರಿಕಾರ ಜೇನ್ ಗ್ರೇ 1930ರ ದಶಕದಲ್ಲಿ ಇಲ್ಲಿ ಗಾಳ ಹಾಕಿದ್ದರು. ನದಿಯ ಸುಮಾರು 50 ಕಿ.ಮೀ. ಭಾಗವನ್ನು 1952ರಲ್ಲಿ ಫ್ಲೈ ಫಿಶಿಂಗ್‌ಗಷ್ಟೇ ಮೀಸಲಿಡಲಾಯಿತು. ಮೀನುಗಳ ಸಂತಾನೋತ್ಪತ್ತಿಗೂ ಬೇಸಗೆಯ ಆಶ್ರಯಕ್ಕೂ ಮುಖ್ಯ ತಾಣವಾದ ಉಪನದಿ ಸ್ಟೀಮ್‌ಬೋಟ್ ಕ್ರೀಕ್‌ನಲ್ಲಿ ಮೀನು ಹಿಡಿಯುವುದು ನಿಷಿದ್ಧ.