ಒಂದೇ ಸಾಕ್ಷಿ, ಎರಡು ಊರು

ರಜೆಯ ದಿನ ಊಟವಾದ ಮೇಲೆ ನಮ್ಮ ರೂಮುಗಳಲ್ಲಿ ಏಳುವ ಚರ್ಚೆಗಳಲ್ಲಿ ಒಂದು ಮಾತ್ರ ಎಂದೂ ಮುಗಿದದ್ದಿಲ್ಲ. ಒಬ್ಬರು ದೂರು ಕೊಟ್ಟಿದ್ದಾರೆ, ನೋಡಿದವರು ಬೇರೆ ಯಾರೂ ಇಲ್ಲ. ಅಷ್ಟಕ್ಕೇ ಒಬ್ಬನಿಗೆ ಶಿಕ್ಷೆ ಕೊಡಬಹುದೇ? ಮನೆಗೆಲಸಕ್ಕೆ ಬಂದ ಹೆಣ್ಣುಮಕ್ಕಳ ಕಷ್ಟ ಕಂಡವರು ‘ನಾಲ್ಕು ಗೋಡೆಯೊಳಗೆ ನಡೆದದ್ದಕ್ಕೆ ಸಾಕ್ಷಿಯನ್ನು ಎಲ್ಲಿಂದ ತರುವುದು?’ ಎನ್ನುತ್ತಾರೆ. ಸೈಟಿನಲ್ಲಿ ಕೆಲಸ ಮಾಡುವವರು ‘ಫೋರ್‌ಮನ್ ಒಬ್ಬನ ಬಾಯಿಮಾತಿಗೆ ವೀಸಾ ಕಳೆದುಕೊಂಡವರನ್ನು ನೋಡಿದ್ದೇವೆ’ ಎನ್ನುತ್ತಾರೆ. ಎರಡೂ ಸುಳ್ಳಲ್ಲ. ಇದೇ ಚರ್ಚೆ ಅಮೆರಿಕವನ್ನು ಒಮ್ಮೆ ಅಲ್ಲಾಡಿಸಿತ್ತು. ಆ ಕಥೆಯನ್ನು ಈ ಸಂಚಿಕೆಯಲ್ಲಿ ಹೇಳೋಣ ಎನಿಸಿತು.

1977ರ ಜುಲೈ 9ರ ರಾತ್ರಿ. ಶಿಕಾಗೊ ನಗರದ ದಕ್ಷಿಣದ ಉಪನಗರ ಹೋಮ್‌ವುಡ್‌ನಲ್ಲಿ 16 ವರ್ಷದ ಕ್ಯಾಥ್ಲೀನ್ ಕ್ರೋವೆಲ್ ರಸ್ತೆ ಬದಿಯಲ್ಲಿ ಹರಿದ ಬಟ್ಟೆಯಲ್ಲಿ ನಿಂತಿದ್ದಳು. ಮೂವರು ಕಾರಿನಲ್ಲಿ ಎಳೆದೊಯ್ದರು, ಒಬ್ಬ ಅತ್ಯಾಚಾರ ಮಾಡಿದ ಎಂದಳು. ಹೊಟ್ಟೆಯ ಮೇಲೆ ಗೀರಿದ ಗಾಯಗಳಿದ್ದವು. ಪೊಲೀಸರು ಚಿತ್ರ ಬರೆಸಿದರು, ಫೋಟೋಗಳ ಪುಸ್ತಕ ತೋರಿಸಿದರು. ಆಕೆ ಬೆರಳಿಟ್ಟದ್ದು ಗ್ಯಾರಿ ಡಾಟ್ಸನ್ ಎಂಬ 20ರ ಹುಡುಗನ ಫೋಟೋದ ಮೇಲೆ. ಆಕೆ ವರ್ಣಿಸಿದವನಿಗೆ ಮೀಸೆ ಇರಲಿಲ್ಲ. ಐದು ದಿನಗಳಲ್ಲೇ ಸಿಕ್ಕ ಡಾಟ್ಸನ್‌ಗೆ ತುಂಬು ಮೀಸೆಯಿತ್ತು. ಐದು ದಿನದಲ್ಲಿ ಅಷ್ಟು ಮೀಸೆ ಬರುವುದಿಲ್ಲ ಎಂಬುದು ಕ್ಷೌರ ಮಾಡಿಕೊಳ್ಳುವ ಯಾರಿಗೂ ಗೊತ್ತು. ಆದರೂ ಅದು ಯಾರಿಗೂ ಅಡ್ಡಿಯಾಗಲಿಲ್ಲ.

1979ರಲ್ಲಿ ವಿಚಾರಣೆ ನಡೆಯಿತು. ಆ ರಾತ್ರಿ ಅವನು ನಮ್ಮ ಜೊತೆಗಿದ್ದ ಎಂದು ನಾಲ್ವರು ಗೆಳೆಯರು ಹೇಳಿದರು. ಸರ್ಕಾರಿ ವಕೀಲರು ಅವರನ್ನು ಸುಳ್ಳುಗಾರರೆಂದರು. ಸರ್ಕಾರಿ ಪ್ರಯೋಗಾಲಯದ ತಜ್ಞರು ಬಂದು, ಸಿಕ್ಕ ಕಲೆ ಬಿ ಗುಂಪಿನದು, ಡಾಟ್ಸನ್‌ನದೂ ಬಿ, ಸುಮಾರು ಹತ್ತರಲ್ಲೊಬ್ಬರಿಗೆ ಮಾತ್ರ ಅದಿರುತ್ತದೆ ಎಂದರು. ಆ ಹುಡುಗಿಯ ಗುಂಪೂ ಬಿ, ಹಾಗಾಗಿ ಆ ಲೆಕ್ಕವೇ ನಿಲ್ಲುವುದಿಲ್ಲ ಎಂಬುದನ್ನು ಹೇಳಲಿಲ್ಲ. 25ರಿಂದ 50 ವರ್ಷದ ಸಜೆಯಾಯಿತು.

ಆರು ವರ್ಷ ಕಳೆಯಿತು. ಮದುವೆಯಾಗಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ನೆಲೆಸಿದ್ದ ಕ್ಯಾಥ್ಲೀನ್ ವೆಬ್ 1985ರ ಮಾರ್ಚಿನಲ್ಲಿ ತನ್ನ ಚರ್ಚಿನ ಪಾದ್ರಿಯ ಮುಂದೆ ಬಾಯಿಬಿಟ್ಟಳು: ಅತ್ಯಾಚಾರ ನಡೆದೇ ಇಲ್ಲ, ಗೆಳೆಯನಿಂದ ಬಸಿರಾದೆನೇನೋ ಎಂಬ ಹೆದರಿಕೆಯಲ್ಲಿ ಕಟ್ಟಿದ ಕತೆ, ಗಾಯವನ್ನೂ ತಾನೇ ಮಾಡಿಕೊಂಡದ್ದು. ಇಷ್ಟು ಹೇಳಿದ ಮೇಲೆ ಡಾಟ್ಸನ್ ಮನೆಗೆ ಹೋಗಿರಬೇಕು ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಹೋಗಲಿಲ್ಲ. ಮೊದಲು ಶಿಕ್ಷೆ ಕೊಟ್ಟ ಅದೇ ನ್ಯಾಯಾಧೀಶರು, ಈಗ ಹೇಳುವುದಕ್ಕಿಂತ ಅಂದು ಹೇಳಿದ್ದೇ ನಂಬುವಂತಿತ್ತು ಎಂದು, ಒಂದು ವಾರ ಜಾಮೀನಿನ ಮೇಲೆ ಹೊರಗಿದ್ದವನನ್ನು ವಾಪಸ್ ಜೈಲಿಗೆ ಕಳುಹಿಸಿದರು. ಹುಡುಗಿಯ ಆರೋಪಕ್ಕೆ ಸಾಕಾಗಿದ್ದ ಮಾತು ಹೆಂಗಸಿನ ತಪ್ಪೊಪ್ಪಿಗೆಗೆ ಸಾಲಲಿಲ್ಲ! ಗವರ್ನರ್ ಜೇಮ್ಸ್ ಥಾಂಪ್ಸನ್ ಟಿವಿಯವರ ಮುಂದೆಯೇ ಮೂರು ದಿನ ಅಹವಾಲು ಕೇಳಿದರು. ಆಕೆಯ ಹೊಸ ಮಾತನ್ನು ಅವರೂ ನಂಬಲಿಲ್ಲ, ಕ್ಷಮಾದಾನ ಕೊಡಲಿಲ್ಲ. ಅನುಭವಿಸಿದ ಸಜೆ ಸಾಕು ಎಂದು ಬಿಟ್ಟರು. ಹೊರಗೆ ಬಂದರೂ ಅವನು ಕಾಗದದಲ್ಲಿ ಅಪರಾಧಿಯೇ.

ಆಗ ಎದ್ದ ಗಲಾಟೆ ಸಣ್ಣದಲ್ಲ. ಹೆಂಗಸಿನ ಒಂದು ಮಾತಿಗೆ ಯಾರನ್ನೂ ಒಳಗೆ ಹಾಕಬಹುದು ನೋಡಿ ಎಂದರು ಕೆಲವರು. ಇನ್ನು ಮುಂದೆ ನಿಜವಾಗಿ ನೊಂದವಳನ್ನೂ ಯಾರೂ ನಂಬುವುದಿಲ್ಲ ಎಂಬ ದಿಗಿಲು ಇನ್ನು ಕೆಲವರದು. 1988ರಲ್ಲಿ ಹಳೆಯ ಬಟ್ಟೆಯ ಮೇಲಿನ ಕಲೆ ಡಿಎನ್‌ಎ ಪರೀಕ್ಷೆಗೆ ಹೋಯಿತು. ಅದು ಡಾಟ್ಸನ್‌ನದಲ್ಲ. 1989ರ ಆಗಸ್ಟ್ 14ರಂದು ಶಿಕ್ಷೆ ರದ್ದಾಯಿತು. ಅಮೆರಿಕದಲ್ಲಿ ಡಿಎನ್‌ಎಯಿಂದ ನಿರಪರಾಧಿಯಾದ ಮೊದಲಿಗನೆಂದು ಅವನನ್ನು ಸಾಮಾನ್ಯವಾಗಿ ಎಣಿಸುತ್ತಾರೆ.

ಈಗ ಡೆಟ್ರಾಯಿಟ್. ಹೋಮ್‌ವುಡ್‌ನ ಆ ರಾತ್ರಿಯಾಗಿ ಬರೀ ನಾಲ್ಕು ದಿನಕ್ಕೆ, 1977ರ ಜುಲೈ 13ರಂದು, ಡೆಟ್ರಾಯಿಟ್ ಕೋರ್ಟಿನಲ್ಲಿ ಜೂರಿ ಇಬ್ಬರು ಫಿಲಿಪೈನ್ಸ್ ನರ್ಸ್‌ಗಳನ್ನು ತಪ್ಪಿತಸ್ಥರೆಂದಿತು. ಫಿಲಿಪಿನಾ ನಾರ್ಸಿಸೊ, ಲಿಯೊನೊರಾ ಪೆರೆಜ್. 1975ರ ಬೇಸಗೆಯಲ್ಲಿ ಆನ್ ಆರ್ಬರ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಹಲವು ರೋಗಿಗಳ ಉಸಿರು ಇದ್ದಕ್ಕಿದ್ದಂತೆ ನಿಂತಿತ್ತು; ಕೆಲವರು ಸತ್ತರು. ಸ್ನಾಯುಗಳನ್ನು ಸಡಿಲಗೊಳಿಸುವ ಪಾವುಲಾನ್ ಎಂಬ ಔಷಧಿಯನ್ನು ಯಾರೋ ಕೊಟ್ಟಿದ್ದಾರೆ ಎಂದು ಎಫ್‌ಬಿಐ ತನಿಖೆ ಹೇಳಿತು. ಇವರೇ ಕೊಟ್ಟದ್ದನ್ನು ಕಣ್ಣಾರೆ ಕಂಡವರಿಲ್ಲ. ಆ ಹೊತ್ತಿಗೆ ವಾರ್ಡಿನಲ್ಲಿದ್ದರು ಎಂಬುದೇ ದೊಡ್ಡ ಸಾಕ್ಷಿ. ಡ್ಯೂಟಿಯಲ್ಲಿದ್ದ ನರ್ಸ್ ವಾರ್ಡಿನಲ್ಲಲ್ಲದೆ ಇನ್ನೆಲ್ಲಿರಬೇಕು? ಇಲ್ಲಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನಮ್ಮ ಮಂಗಳೂರು, ಉಡುಪಿ ಕಡೆಯ ಹೆಣ್ಣುಮಕ್ಕಳು ಇದನ್ನು ಓದಿದರೆ ಎದೆ ಝಲ್ಲೆನ್ನಬಹುದು. ಫಿಲಿಪೈನ್ಸ್ ಜನ ಊರೂರಲ್ಲಿ ಸಂಘಟಿತರಾಗಿ ಇವರ ಬೆನ್ನಿಗೆ ನಿಂತರು. ಸರ್ಕಾರಿ ವಕೀಲರ ನಡತೆ ಸರಿಯಿರಲಿಲ್ಲ ಎಂದು ನ್ಯಾಯಾಧೀಶ ಫಿಲಿಪ್ ಪ್ರ್ಯಾಟ್ ಅದೇ ಡಿಸೆಂಬರಿನಲ್ಲಿ ಹೊಸ ವಿಚಾರಣೆಗೆ ಆಜ್ಞೆ ಮಾಡಿದರು. 1978ರ ಫೆಬ್ರವರಿಯಲ್ಲಿ ಸರ್ಕಾರ ಮೊಕದ್ದಮೆಯನ್ನೇ ಕೈಬಿಟ್ಟಿತು.

ಒಂದು ಕಡೆ ಆರೋಪ ಹೊರಿಸಿದವಳು ಒಬ್ಬಳೇ, ಇನ್ನೊಂದು ಕಡೆ ಕಣ್ಣಾರೆ ಕಂಡವರೇ ಇಲ್ಲ. ಎರಡೂ ಕಡೆ ಶಿಕ್ಷೆಯ ತೀರ್ಪು ಬಂತು, ಎರಡೂ ನಿಲ್ಲಲಿಲ್ಲ. ಹಾಗಾಗಿ ಸಾಕ್ಷಿಗಳ ತಲೆ ಎಣಿಸುವುದರಲ್ಲಿ ನಮಗೆ ನಂಬಿಕೆಯಿಲ್ಲ. ನಮ್ಮ ದೇಶದ ಕಾನೂನೂ ಎಣಿಸುವುದಿಲ್ಲ. ಇಷ್ಟೇ ಜನ ಸಾಕ್ಷಿಗಳಿರಬೇಕೆಂಬ ನಿಯಮ ಸಾಕ್ಷ್ಯ ಕಾಯ್ದೆಯಲ್ಲಿಲ್ಲ. 1957ರಲ್ಲಿ ವಡಿವೇಲು ತೇವರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿಗಳಲ್ಲಿ ಮೂರು ಬಗೆ ಎಂದಿತು: ಪೂರ್ತಿ ನಂಬಬಹುದಾದವರು, ಒಂದಿಷ್ಟೂ ನಂಬಲಾಗದವರು, ನಡುವಿನವರು. ಮೊದಲನೆಯವರಾದರೆ ಒಬ್ಬರೇ ಸಾಕು. ನಡುವಿನವರಾದರೆ ಬೇರೆ ಆಧಾರ ಬೇಕು. ಅಮೆರಿಕದ ಕಥೆ ಓದಿ, ದೂರು ಕೊಡುವ ಹೆಂಗಸರೆಲ್ಲ ಸುಳ್ಳಿಯರು ಎನ್ನುವವರು ಮಥುರಾ ಪ್ರಕರಣವನ್ನೂ ಓದಬೇಕು. ಪೊಲೀಸ್ ಠಾಣೆಯಲ್ಲೇ ಅತ್ಯಾಚಾರವಾಯಿತೆಂದ ಆದಿವಾಸಿ ಹುಡುಗಿಯ ಮೈಮೇಲೆ ಗಾಯವಿಲ್ಲ ಎಂದು ಹೇಳಿ, 1978ರಲ್ಲಿ ಇಬ್ಬರು ಪೊಲೀಸರನ್ನು ಖುಲಾಸೆ ಮಾಡಿದ್ದೂ ಇದೇ ಸುಪ್ರೀಂ ಕೋರ್ಟು. ಡಾಟ್ಸನ್‌ಗೆ ಶಿಕ್ಷೆಯಾಗುವುದಕ್ಕೆ ಹಿಂದಿನ ವರ್ಷ ಅದು. ಆ ತೀರ್ಪಿನ ವಿರುದ್ಧ ದೇಶ ಎದ್ದು, 1983ರಲ್ಲಿ ಕಾನೂನು ತಿದ್ದಬೇಕಾಯಿತು. ಹೋಮ್‌ವುಡ್‌ನಲ್ಲಿ ಮೀಸೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಇಲ್ಲಿ ಬಡ ಹುಡುಗಿಯ ಹೆದರಿಕೆಯನ್ನು.

2012ರಿಂದ ಆನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯದವರು ಶಿಕಾಗೊದ ನಾರ್ತ್‌ವೆಸ್ಟರ್ನ್‌ನವರ ಜೊತೆ ಸೇರಿ, ತಪ್ಪಾಗಿ ಶಿಕ್ಷೆಯಾಗಿ ಬಿಡುಗಡೆಯಾದವರ ಪಟ್ಟಿಯೊಂದನ್ನು ಶುರುಮಾಡಿದರು. ಲೆಕ್ಕ 1989ರಿಂದ; ಈಗ 3,000 ದಾಟಿದೆ. ಸುಳ್ಳು ಆರೋಪ, ತಪ್ಪು ಗುರುತು, ಕೆಟ್ಟ ಪ್ರಯೋಗಾಲಯ, ಅಧಿಕಾರಿಗಳ ದುರ್ನಡತೆ ಎಂದು ಪ್ರತಿಯೊಬ್ಬರ ಮುಂದೆಯೂ ಕಾರಣ ಬರೆದಿರುತ್ತಾರೆ.

ಕೆಲವು ವರ್ಷಗಳ ಹಿಂದೆ ನಮ್ಮ ರೂಮಿನಲ್ಲಿದ್ದ ಕಾಪು ಕಡೆಯ ಒಬ್ಬರ ಮೇಲೆ ತಾಮ್ರದ ಕೇಬಲ್ ಕದ್ದ ಆರೋಪ ಬಂತು. ಹೇಳಿದವನು ಒಬ್ಬನೇ. ಆ ರಾತ್ರಿ ಅವರು ಬೇರೆ ಸೈಟಿನಲ್ಲಿದ್ದರು, ಗೇಟಿನ ರಿಜಿಸ್ಟರಿನಲ್ಲಿ ಅವರದೇ ಸಹಿಯಿತ್ತು. ನಾವು ನಾಲ್ಕು ಜನ ಹೋಗಿ ಅದನ್ನು ತೆಗೆದು ನೋಡಿ ಎಂದು ಕೇಳುವ ಹೊತ್ತಿಗೆ ಅವರ ಟಿಕೆಟ್ ಬಂದಾಗಿತ್ತು. ಈಗ ಊರಲ್ಲಿ ಆಟೋ ಓಡಿಸುತ್ತಿದ್ದಾರೆ. ರಜೆಗೆ ಹೋದಾಗ ಸಿಕ್ಕರೆ ಮೊದಲು ಕೇಳುವುದು ಇದನ್ನೇ: ಆ ರಿಜಿಸ್ಟರ್ ಯಾರಾದರೂ ನೋಡಿದರಾ?